ಎಂಟನೇ ಪುಟದ ಹೆಂಗಸನ್ನು ಹುಡುಕಿಕೊಂಡು

ಬೆಳಿಗ್ಗೆ ಎಂಟಕ್ಕೆ ಮೈಸೂರಿನಲ್ಲಿ ನಂಜನಗೂಡಿನ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ನೋಡಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ತೊಡೆಯ ಮೇಲಿನ ಬಟ್ಟೆ ಚೀಲದಲ್ಲಿ ಪುಸ್ತಿಕೆಗಳ ಕಟ್ಟು ಇತ್ತು. ನಾನು ಮೈಸೂರಿನ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ಸಹಾಯಕಿ. ಪ್ರೊಫೆಸರರು ಪ್ರಶ್ನೆ ಬರೆಯುತ್ತಾರೆ, ನಾನು ಮನೆಮನೆಗೆ ಹೋಗಿ ಉತ್ತರ ತರುತ್ತೇನೆ. ಎರಡು ವರ್ಷದ ಹಿಂದೆ ನಂಜನಗೂಡಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರು ಕೆಲಸ ಬಿಡುವುದೇಕೆ, ಉಳಿಯುವುದೇಕೆ ಎಂದು ಕೇಳಿ ಬರೆದುಕೊಂಡಿದ್ದೆ. ಇಂಗ್ಲಿಷ್ ವರದಿ ಹೋದ ವರ್ಷವೇ ಕಾರ್ಖಾನೆಗೆ ತಲುಪಿತ್ತು. ಕನ್ನಡದ ಸಾರಾಂಶ ಈಗ, ವರದಿಯ ಪುಟಗಳ ಕ್ರಮದಲ್ಲೇ, ಈ ಪುಸ್ತಿಕೆಯಾಗಿ ಅಚ್ಚಾಗಿತ್ತು. ಉತ್ತರ ಕೊಟ್ಟವರಿಗೇ ಅದನ್ನು ಮುಟ್ಟಿಸಿ ಬರಬೇಕಿತ್ತು. ನಿಜ ಹೇಳಬೇಕೆಂದರೆ, ಹೆಮ್ಮೆಯಿಂದಲೇ ಹೊರಟಿದ್ದೆ.

ನಂಜನಗೂಡಿನಲ್ಲಿ ನಿಲ್ದಾಣದ ಎದುರು ಎರಡು ಇಡ್ಲಿ ತಿಂದು, ಆಟೊದವನಿಗೆ ಎಂಬತ್ತು ರೂಪಾಯಿ ಕೊಟ್ಟು ಕಾರ್ಖಾನೆಗೆ ಹೋದೆ. ಹತ್ತು ಗಂಟೆಗೇ ಬಿಸಿಲು ಚುರುಗುಡುತ್ತಿತ್ತು. ಅಲ್ಲಿನ ಮ್ಯಾನೇಜರ್ ಎದ್ದು ನಿಂತು ಬರಮಾಡಿಕೊಂಡು ಟೀ ತರಿಸಿದರು.

"ನಿಮ್ಮ ರಿಪೋರ್ಟಿಂದ ನಮಗೆ ಬಹಳ ಅನುಕೂಲ ಆಯ್ತು ಮೇಡಂ. ಕಂಪನಿ ಬಸ್ ಇಲ್ಲದಿದ್ರೂ ಕೆಲಸಕ್ಕೆ ಬರ್ತೀರಾ ಅಂತ ಕೇಳಿದ್ರಲ್ಲ, ಹೆಚ್ಚಿನವರು ಬರ್ತೀವಿ ಅಂದಿದ್ರು. ಆ ಎಂಟನೇ ಪುಟವನ್ನ ಹೆಡ್ ಆಫೀಸ್‌ಗೆ ಕಳಿಸಿದ್ವಿ. ಹಳ್ಳಿ ಬಸ್ ನಿಲ್ಲಿಸೋಕೆ ಒಪ್ಪಿಗೆ ಬಂತು."

ಟೀ ಲೋಟ ಕೆಳಗಿಟ್ಟೆ. "ಹಳ್ಳಿಯವರು ಏನು ಮಾಡಿದ್ರು ಸರ್?"

"ಬರೋರು ಬಂದ್ರು. ಉಳಿದ ಜಾಗಕ್ಕೆ ಟೌನಿನವರು ಸಿಕ್ಕಿದ್ರು," ಎಂದು ಗೇಟಿನವರೆಗೂ ಬಂದು ಕಳಿಸಿಕೊಟ್ಟರು. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ.

ದೇವನೂರಿನ ಬಸ್ಸಿಗೆ ಒಂದು ಗಂಟೆ ಕಾದೆ. ಊರಿನಲ್ಲಿ ಇಳಿದಾಗ ಮಧ್ಯಾಹ್ನ. ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸದಲ್ಲಿದ್ದ ಪುಟ್ಟಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಐವತ್ತು ದಾಟಿದ ಹೆಂಗಸು. ಗುರುತು ಹಿಡಿದು, ಕೂರಿಸಿ, ಮಜ್ಜಿಗೆ ಕೊಟ್ಟರು.

"ಎಂಟೂವರೆಗೆ ಗೇಟ್ ಮುಚ್ತಾರೆ ಕಣವ್ವ. ಸರ್ಕಾರಿ ಬಸ್ಸು ಫ್ರೀ ಅಂತಾರೆ, ಅದು ನಮ್ಮೂರಿಗ್ ಬರೋದೇ ಎಂಟೂವರೆಗೆ. ಮೂರ್ ತಿಂಗ್ಳು ಗೂಡ್ಸ್ ಆಟೋಲಿ ನಿಂತ್ಕಂಡೇ ಓದೋ. ಮಳೆ ಇಡೀತು, ಮನೇಲಿ ಬ್ಯಾಡ ಅಂದ್ರು. ಒಬ್ಬೊಬ್ರೇ ಬುಟ್ಬುಟ್ಟೋ."

"ಬಸ್ಸಿಲ್ಲದಿದ್ರೂ ಬರ್ತೀವಿ ಅಂತ ನೀವೇ ಹೇಳಿದ್ರಲ್ಲ ಪುಟ್ಟಮ್ಮ?"

"ಇನ್ನೇನವ್ವ ಅನ್ನಾದು? ನೀವು ಕಂಪ್ನಿ ಕಡೆಯೋರು ಅನ್ಕಂಡಿದ್ದೋ. ಬರಲ್ಲ ಅಂದ್ರೆ ನಾಳಿಕೇ ಎಸ್ರು ಒಡ್ದಾಕ್ತಾರೆ ಅಂತ ಎಲ್ರೂ ಬತ್ತೀವಿ ಅಂದ್ಬುಟ್ಟೋ."

ಆ ಸಲ ನಾನು ಊರಿಗೆ ಬಂದದ್ದು ಕಾರ್ಖಾನೆಯ ಬಸ್ಸಿನಲ್ಲೇ. ಸಂಜೆ ಕೆಲಸ ಮುಗಿಸಿದ ಅವರ ಜೊತೆಗೇ ಕೂತು ಬಂದು, ಅವರ ಕಣ್ಣೆದುರೇ ಇಳಿದು, ಅವರ ಜಗಲಿಗಳಲ್ಲಿ ಕೂತು ಪ್ರಶ್ನೆ ಕೇಳಿದ್ದೆ. ಆಟೊ ಖರ್ಚು ಉಳಿಯಿತಲ್ಲ ಎಂದು ಖುಷಿಪಟ್ಟಿದ್ದೆ.

ಎಂಟನೇ ಪುಟದಲ್ಲಿ ಯಾರ ಮಾತನ್ನು ಚೌಕಟ್ಟು ಹಾಕಿ ಅಚ್ಚು ಮಾಡಿದ್ದೆವೋ ಆ ಶಿವಮ್ಮ ಎಲ್ಲಿದ್ದಾಳೆ ಎಂದು ಕೇಳಿದೆ. "ನರಸೀಪುರದಲ್ಲಿ ಅಕ್ಕನ ಮನೇಲವ್ಳೆ. ಚೌಲ್ಟ್ರೀಲಿ ಪಾತ್ರೆ ತೊಳೀತಾಳೆ," ಎಂದರು ಪುಟ್ಟಮ್ಮ. ಬೇರೆ ಯಾರ ಮನೆಗೂ ಹೋಗುವ ಧೈರ್ಯ ಬರಲಿಲ್ಲ. ನಂಜನಗೂಡಿಗೆ ಹಿಂತಿರುಗಿ ತಿರುಮಕೂಡಲು ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದು ಪ್ರಯಾಣ ಒಂದೂವರೆ ಗಂಟೆಗೆ ಎಳೆಯಿತು.

ಪುಟ್ಟಮ್ಮ ಹೇಳಿದ ಕಲ್ಯಾಣ ಮಂಟಪದಲ್ಲಿ ಮದುವೆಯ ಕೊನೆಯ ಪಂಕ್ತಿ ಏಳುತ್ತಿತ್ತು. ಹಿತ್ತಲಿನ ನಲ್ಲಿಯ ಹತ್ತಿರ ಶಿವಮ್ಮ ಕೊಳಗ ಉಜ್ಜುತ್ತಿದ್ದಳು. ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳನ್ನು ಪರೀಕ್ಷಿಸುವ ಚೆಕರ್ ಆಗಿದ್ದವಳು. ಎಸ್ಸೆಸ್ಸೆಲ್ಸಿ ಪಾಸಾದವಳು. ಪುಸ್ತಿಕೆ ತೆಗೆದುಕೊಂಡು ನಿಂತಲ್ಲೇ ಎಂಟನೇ ಪುಟ ಓದಿದಳು. ‘ಬಸ್ಸಿಲ್ಲದಿದ್ದರೆ ನಡೆದಾದರೂ ಬರುತ್ತೇನೆ. ಈ ಕೆಲಸ ನನ್ನದು. ದೇವನೂರಿನ ಒಬ್ಬ ಮಹಿಳೆ.’

"ಇದು ನಾನಾ ಮೇಡಂ?"

"ನೀವೇ."

"ಸುಳ್ಳೇಳ್ಲಿಲ್ಲ ಬುಡಿ. ನಡ್ದೆನಲ್ಲ! ಕತ್ಲಲ್ಲೇ ಎದ್ದು ಮೇನ್ ರೋಡ್ ಗಂಟ ನಡ್ದು, ಅಲ್ಲಿಂದ ಬಸ್ ಇಡೀತಿದ್ದೆ. ಒಂದಿನ ದಾರೀಲಿ ನಾಯಿ ಕಚ್ತು. ಇಂಜೆಕ್ಷನ್ನು, ಜ್ವರ ಅಂತ ಎಂಟು ದಿನ ರಜ ಆಯ್ತು. ಓಗಿ ನಿಂತ್ರೆ ಇನ್ ಬರಬ್ಯಾಡ ಅಂದ್ರು." ಸೋಡಾ ಪುಡಿಗೆ ಸೀಳಿದ ಬೆರಳುಗಳನ್ನು ತೋರಿಸಿದಳು. "ಕಾಲರ್ ಮ್ಯಾಲೆ ಇಂಗೆ ಆಡ್ಸಿದ್ರೆ ಸಾಕು, ಒಲಿಗೆ ತಪ್ಪಿರೋದು ಗೊತ್ತಾಯ್ತಿತ್ತು. ಈಗ ಬಿಸಿನೀರೋ ತಣ್ಣೀರೋ ಅದೇ ತಿಳಿಯಲ್ಲ."

ಪುಸ್ತಿಕೆಯನ್ನು ಮತ್ತೆ ತೆರೆದು ಕೇಳಿದಳು: "ಈ ಮಾತ ತೆಗ್ಸಕ್ಕಾಗಲ್ವಾ?"

"ಅಚ್ಚಾಗಿ ಹೋಗಿದೆ ಶಿವಮ್ಮ. ನಾನು ಕೇಳಿದ ರೀತಿಯೇ ತಪ್ಪಾಯ್ತು."

ಚೀಲ ಮುಚ್ಚುವಾಗ ಕ್ಲಿಪ್ಪು ಹಾಕಿದ ಹಾಳೆ ಅವಳ ಕಣ್ಣಿಗೆ ಬಿತ್ತು. "ಅದ್ಯಾತರ ಆಳೆ?"

"ಸಾರಾಂಶ ಓದಿ ಒಪ್ಪಿದ್ದೇನೆ ಅಂತ ಸಹಿ ಮಾಡಿಸ್ಕೊಂಡು ಹೋಗ್ಬೇಕಿತ್ತು. ಬೇಡ, ಬಿಡಿ."

"ಸೈನ್ ಇಲ್ದೆ ಓದ್ರೆ ನಿಮ್ಗೆ ಬಯ್ಯಲ್ವಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡು, ಪೆನ್ನು ಕೇಳಿ ಪಡೆದು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ನಿಧಾನವಾಗಿ ಹೆಸರು ಬರೆದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. "ಬತ್ತೀನಿ ಮೇಡಂ," ಎಂದು ಕೊಳಗ ಎತ್ತಿಕೊಂಡು ಹೋದಳು.

ಸಂಜೆ ಮೈಸೂರಿನ ಬಸ್ಸಿನಲ್ಲಿ ಕೂತು ಪ್ರೊಫೆಸರರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಎಂಟನೇ ಪುಟ ತಪ್ಪು, ಕಾರ್ಖಾನೆಗೆ ಬರೆದು ತಿಳಿಸೋಣ ಎಂದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. "ಒಬ್ಬಿಬ್ಬರ ಅನುಭವದಿಂದ ಫಲಿತಾಂಶ ಬದಲಾಗಲ್ಲಮ್ಮ. ಮುಂದಿನ ವರದಿಯಲ್ಲಿ ‘ಮಿತಿಗಳು’ ಅನ್ನೋ ಕಡೆ ಒಂದು ಸಾಲು ಸೇರಿಸೋಣ. ಸಹಿಗಳು ಸಿಕ್ಕಿದ್ವಾ?"

"ಒಂದು ಸಿಕ್ತು ಸರ್."

ಬಸ್ಸು ಹೊಳೆಯ ಸೇತುವೆ ದಾಟುವಾಗ ತಿರುಗಿ ನೋಡಿದೆ. ಊರಿನ ಮೇಲೆ ಇಳಿಬಿಸಿಲಿತ್ತು. ಮಂಟಪ ಯಾವ ಕಡೆಗಿತ್ತೋ ಗೊತ್ತಾಗಲಿಲ್ಲ. ಹಾಳೆ ಹೊರತೆಗೆದೆ. ಒದ್ದೆ ಬೆರಳು ತಾಗಿ ಅವಳ ಹೆಸರಿನ ಮೊದಲ ಅಕ್ಷರ ಕದಡಿತ್ತು. ಹರಿದು ಕಿಟಕಿಯಾಚೆ ಎಸೆಯಬೇಕೆನಿಸಿತು. ಎರಡೂ ಕೈಯಲ್ಲಿ ಹಿಡಿದುಕೊಂಡೆ ಕೂಡ. ಆದರೆ ನನಗೂ ನನ್ನ ಕೆಲಸ ಬೇಕಾಗಿತ್ತು. ಮಡಿಕೆ ಬೀಳದ ಹಾಗೆ ಪುಸ್ತಿಕೆಯೊಂದರ ನಡುವೆ ಇಟ್ಟುಕೊಂಡೆ.