ಕಾಲುಂಗುರಕ್ಕೆ ಸುತ್ತಿದ ದಾರ

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನಾನು ಮೊದಲು ನೋಡುವುದು ನನ್ನ ಕಾಲುಗಳನ್ನು. ದೇವರ ಪಟವನ್ನಲ್ಲ, ಗಂಡನ ಮುಖವನ್ನೂ ಅಲ್ಲ. ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋಗಿ, ಕಟ್ಟೆಯಿಲ್ಲದ ಅಂಚಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಸೊಂಟದಿಂದ ಕೆಳಗೆ ನನಗೆ ಏನೂ ತಿಳಿಯುವುದಿಲ್ಲ. ಇರುವೆ ಕಚ್ಚಿದರೂ ಅಷ್ಟೆ, ಬಿಸಿನೀರು ಬಿದ್ದರೂ ಅಷ್ಟೆ. ಹಾಗಾಗಿ ಕಾಲಿನ ಯೋಗಕ್ಷೇಮವನ್ನು ಕಣ್ಣೇ ವಿಚಾರಿಸಬೇಕು.

ಗಂಡ ಕೈಗನ್ನಡಿ ಹಿಡಿಯುತ್ತಾರೆ. ಹಿಮ್ಮಡಿ, ಪಾದದ ಅಡಿ, ಬೆರಳ ಸಂದಿ ಎಲ್ಲ ನೋಡುತ್ತೇನೆ. ಎಲ್ಲಾದರೂ ಕೆಂಪಗಾಗಿದ್ದರೆ ಅವತ್ತು ಆ ಜಾಗಕ್ಕೆ ಏನೂ ಒತ್ತಬಾರದು. ತೊಳೆದ ಮೇಲೆ ಸಂದಿಯಲ್ಲಿ ತೇವ ಉಳಿಯದಂತೆ ಹಳೇ ಪಂಚೆಯ ತುಂಡಿನಿಂದ ಒರೆಸಬೇಕು. ಪಾದಕ್ಕೆ ಎಣ್ಣೆ ಸವರಬಹುದು, ಸಂದಿಗೆ ಕೂಡದು. ಇಷ್ಟು ಮುದ್ದನ್ನು ನಾನು ಹೆತ್ತು, ಈಗ ಹಾಸ್ಟೆಲಿನಲ್ಲಿರುವ ಮಗಳಿಗೂ ಮಾಡಿಲ್ಲ ಎಂದು ಗಂಡನಿಗೆ ಹೇಳುತ್ತಿರುತ್ತೇನೆ. ಅವರು ನಗುತ್ತಾರೆ, ನನಗೆ ನಗು ಬರುವುದಿಲ್ಲ.

ಆಮೇಲೆ ಬಟ್ಟೆ. ಹಿರಿಯೂರಿನಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ನಾನು ಹೊಲಿದ ರವಿಕೆ ತೊಟ್ಟವರೇ. ಈಗ ನನ್ನ ಮೈಗೆ ಹೊಲಿಯುವುದನ್ನು ಹೊಸದಾಗಿ ಕಲಿತಿದ್ದೇನೆ. ಲಂಗದ ಲಾಡಿ ಸೊಂಟದಲ್ಲಿ ಗುರುತು ಮೂಡಿಸುತ್ತದೆ, ಸೀರೆಯ ನೆರಿಗೆ ಕೆಳಗೆ ಸಿಕ್ಕಿಕೊಂಡರೆ ಸಂಜೆಯೊಳಗೆ ಹುಣ್ಣು. ಅದಕ್ಕೇ ಮೆತ್ತನೆಯ ಎಲಾಸ್ಟಿಕ್‌ ಹಾಕಿ, ಹೊಲಿಗೆ ಹೊರಗಡೆ ಬರುವಂತೆ, ಜೇಬಿಲ್ಲದ ಪೈಜಾಮ ಹೊಲಿದುಕೊಂಡಿದ್ದೇನೆ. ಮಲಗಿದಲ್ಲೇ ಎಡಕ್ಕೆ ಹೊರಳಿ ಬಲಗಡೆ ಏರಿಸುವುದು, ಬಲಕ್ಕೆ ಹೊರಳಿ ಎಡಗಡೆ ಏರಿಸುವುದು. ಕಾಲುಚೀಲ ಒಳಮುಖ ಹೊರಗೆ ಮಾಡಿ ಹಾಕುವುದು. ನಡುವೆ ಕಾಲು ತಾನೇ ಸೆಟೆದು ಒದ್ದು ಎಲ್ಲವನ್ನೂ ಹಾಳು ಮಾಡುತ್ತದೆ. ನೋಡಲು ಬಂದವರು "ಅಗೋ, ಕಾಲು ಬಂತಲ್ಲವ್ವ!" ಎಂದು ಸಂಭ್ರಮಿಸುತ್ತಾರೆ. ಅದು ಬರೀ ನರದ ಸೆಳೆತ ಎಂದು ವಿವರಿಸಿ ವಿವರಿಸಿ ನನ್ನ ಬಾಯಿ ಸೋತಿದೆ.

ಮನೆಯಲ್ಲಿ ನಮ್ಮ ಜೊತೆ ಅತ್ತೆ ಇದ್ದಾರೆ. ಮಾವ ತೀರಿಕೊಂಡಾಗ ಅವರಿಗೆ ಇನ್ನೂ ಚಿಕ್ಕ ವಯಸ್ಸು. ಕುರಿ ಕಾಯ್ದು ಮಗನನ್ನು ಬೆಳೆಸಿದವರು. ಗಟ್ಟಿ ದನಿ, ಗಟ್ಟಿ ಹಟ. ನನ್ನದೂ ಏನು ಕಡಿಮೆಯಿಲ್ಲ, ಹಾಗಾಗಿ ನಮ್ಮಿಬ್ಬರಿಗೆ ಬೆಳಿಗ್ಗೆ ಜಗಳವಾದರೆ ಮಧ್ಯಾಹ್ನ ರಾಜಿ.

ಬಿದ್ದಾಗ ಆಪರೇಷನ್‌ಗೆ ಮುಂಚೆ ಆಸ್ಪತ್ರೆಯವರು ನನ್ನ ಕಾಲುಂಗುರ ತೆಗೆದು ಗಂಡನ ಕೈಗೆ ಕೊಟ್ಟಿದ್ದರು. ಮನೆಗೆ ಬಂದ ಮೊದಲ ಸೋಮವಾರ ಅತ್ತೆ ನನ್ನ ಪಾದ ತೊಳೆದು, ಅರಿಶಿನ ಹಚ್ಚಿ, ಉಂಗುರಗಳನ್ನು ಮತ್ತೆ ತೊಡಿಸಿದರು. ಅಷ್ಟರಲ್ಲಿ ಕಾಲು ಸೊರಗಿತ್ತು, ಬೆರಳೂ ಸಣ್ಣಗಾಗಿತ್ತು. ಉಂಗುರ ಜಾರಿ ಜಾರಿ ಬೀಳುತ್ತಿತ್ತು. ನಮ್ಮ ಕಡೆ ಉಂಗುರ ಸಡಿಲವಾದರೆ ಅದರ ಅಡಿಭಾಗಕ್ಕೆ ದಾರ ಸುತ್ತಿ ಬಿಗಿ ಮಾಡುತ್ತಾರೆ. ಅತ್ತೆ ನನ್ನ ಹೊಲಿಗೆ ಡಬ್ಬಿಯಿಂದಲೇ ದಾರ ತೆಗೆದು, ಅರಿಶಿನದಲ್ಲಿ ಅದ್ದಿ, ಒತ್ತೊತ್ತಾಗಿ ಸುತ್ತಿದರು. "ಇನ್ನು ಎಲ್ಲಿಗ್ ಹೋಗ್ತೈತೆ ನೋಡಾಣ" ಎಂದರು. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು. ಯಾರದೋ ಕಾಲಿನಂತೆ ಬಿದ್ದುಕೊಂಡಿದ್ದ ಪಾದಗಳು ಮತ್ತೆ ನನ್ನವಾಗಿ ಕಂಡವು.

ಬೇಸಿಗೆ ಬಂತು. ಮದುವೆ ಕಾಲದ ಹೊಲಿಗೆ ಕೈತುಂಬ ಇತ್ತು. ಗಾಲಿಕುರ್ಚಿಯಲ್ಲಿ ಇಡೀ ದಿನ ಕೂತರೆ ಸಂಜೆಗೆ ಪಾದ ಊದಿಕೊಳ್ಳುತ್ತದೆ, ರಾತ್ರಿ ಮಲಗಿದರೆ ಇಳಿಯುತ್ತದೆ. ತೊಳೆದಾಗ ನೆನೆದ ದಾರ ಒಣಗುವುದೇ ಇಲ್ಲ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ಆಗಿನ್ನೂ ಬೆರಳ ಸಂದಿ ಬಿಡಿಸಿ ನೋಡುವ ರೂಢಿ ಇರಲಿಲ್ಲ. ಕನ್ನಡಿಯಲ್ಲಿ ಉಂಗುರದ ಮೇಲ್ಭಾಗದ ಬೆಳ್ಳಿ ಮಿನುಗುತ್ತಿತ್ತು, ಅದನ್ನೇ ನೋಡಿ ಸುಮ್ಮನಾಗುತ್ತಿದ್ದೆವು. ಕೆಲವು ದಿನ ಕಾಲಿನ ಸೆಳೆತ ವಿಪರೀತವಾಯಿತು, ಮೈ ಬಿಸಿಯಾಯಿತು. ಎಲ್ಲರೂ ಸೇರಿ ತಪ್ಪನ್ನು ಬಿಸಿಲಿನ ಮೇಲೆ ಹಾಕಿದೆವು. ಒಂದು ಬೆಳಿಗ್ಗೆ ಕಾಲುಚೀಲ ತೆಗೆದಾಗ ಕೆಟ್ಟ ವಾಸನೆ ಬಂತು. ಗಂಡ ಬಲಗಾಲಿನ ಉಂಗುರ ತಿರುಗಿಸಲು ನೋಡಿದರೆ ಅದು ಅಲುಗಲಿಲ್ಲ. ದಾರ ಮಾಂಸದೊಳಗೆ ಹೂತುಹೋಗಿತ್ತು. ನನಗೆ ನೋವೇ ಇರಲಿಲ್ಲ.

ಲಗೇಜ್ ಆಟೊ ಓಡಿಸುವ ಗಂಡ ಹೊಸದುರ್ಗಕ್ಕೆ ಹೊರಡಬೇಕಿದ್ದ ಲೋಡು ಬಿಟ್ಟು, ಅದೇ ಆಟೊದಲ್ಲಿ ಹಾಸಿಗೆ ಹಾಸಿ ನನ್ನನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಉಂಗುರವನ್ನು ಈಗಿಂದೀಗಲೇ ಕತ್ತರಿಸಬೇಕೆಂದರು. ಕೀವು ಮೂಳೆಗೆ ಇಳಿದಿದ್ದರೆ ಬೆರಳನ್ನೇ ತೆಗೆಯಬೇಕಾದೀತು, ಮುಂದೆ ಇಂಥದ್ದೇ ಇನ್ನೊಂದಾದರೆ ಪಾದವನ್ನೂ ಕಳೆದುಕೊಳ್ಳಬಹುದು, ಇನ್ನು ಈ ಕಾಲಿಗೆ ಉಂಗುರ ಬೇಡವೇ ಬೇಡ ಎಂದರು.

ಜೊತೆಗೆ ಬಂದಿದ್ದ ಅತ್ತೆ ಅಡ್ಡ ಬಂದು ನಿಂತರು. "ಕತ್ತರಿಸಬ್ಯಾಡ್ರಿ ತಾಯಿ. ಎಣ್ಣೆ ಹಾಕಿ ಜಾರಿಸ್ರಿ. ನಮ್ ಹುಡುಗ ದಿನಾ ರೋಡಿನ ಮ್ಯಾಲೆ ಇರಾನು."

"ಅವ್ವಾ, ನಾನು ಇಲ್ಲೇ ನಿಂತಿದೀನಿ ಕಣವ್ವ, ಏನಾಗೈತೆ ನಂಗೆ?" ಎಂದು ಗಂಡ ರೇಗಿದರು.

ಅತ್ತೆ ಅವರ ಮುಖ ನೋಡಲಿಲ್ಲ. ನನ್ನ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ನನಗೊಬ್ಬಳಿಗೇ ಹೇಳಿದರು: "ನಿಮ್ಮಾವನ್ ಹೆಣ ಅಂಗಳದಾಗಿತ್ತು. ನಾಕು ಜನ ನನ್ ಕಾಲು ಅಮುಕಿ ಹಿಡಕಂಡು ಉಂಗುರ ಕಿತ್ರು. ಅದ್ಯಾಕೆ ತೆಗೀತಾರೆ ಅಂತ ನಿಂಗ್ ಗೊತ್ತಿಲ್ಲ, ನಂಗ್ ಗೊತ್ತು."

ಅವರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಬಂದವಳು ನಾನು. ಕೋಪ ಬರಲಿಲ್ಲ, ಭಯ ಬಂತು. ಇದೆಲ್ಲ ನಂಬಬಾರದು ಎಂದು ತಿಳಿದವಳೂ ಗಂಡನ ಕಡೆ ಒಮ್ಮೆ ತಿರುಗಿ ನೋಡಿದೆ. ಆದರೂ ಕಾಲು ನನ್ನದು. ನನ್ನನ್ನು ಹೊರುವ ಕೆಲಸ ಬಿಟ್ಟಿರಬಹುದು, ಆದರೂ ನನ್ನದೇ. "ಕತ್ತರಿಸ್ರಿ ಮೇಡಂ" ಎಂದೆ.

ಬೆರಳು ಉಳಿಯಿತು. ಉಗುರು ಹೋಯಿತು, ಗಾಯ ಮಾಯುವಷ್ಟರಲ್ಲಿ ಬೇಸಿಗೆಯೂ ಮುಗಿದಿತ್ತು. ಎಡಗಾಲಿನ ಉಂಗುರವನ್ನೂ ನಾನೇ ಬಗ್ಗಿ ತೆಗೆದುಬಿಟ್ಟೆ. ಮನೆಯಲ್ಲಿ ಮಾತು ನಿಂತಿತು. ಅತ್ತೆ ತಟ್ಟೆ ಕುಕ್ಕಿ ಹೋಗುತ್ತಿದ್ದರು. ಸಂಜೆ ಬಾಗಿಲಲ್ಲಿ ನಿಂತು ಮಗನ ಗಾಡಿಯ ಸದ್ದಿಗೆ ಕಾಯುತ್ತಿದ್ದರು. ಒಳಗೆ ಕೂತ ನನ್ನ ಕಿವಿಯೂ ಅಲ್ಲೇ ಇರುತ್ತಿತ್ತು. ಗಾಡಿ ಬಂದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಉಸಿರು ಬಿಡುತ್ತಿದ್ದೆವು. "ವಾಸಿ ಆತಲ್ಲ, ಇನ್ನಾದ್ರೂ ಹಾಕ್ಕಳ್ಳೇ" ಎಂದು ಒಮ್ಮೆ ಕೇಳಿದರು. "ಸತ್ರೂ ಇಲ್ಲ" ಎಂದೆ. ಆ ಮಾತು ಬಾಯಿಂದ ಹೊರಟ ಮೇಲೆ ಇಬ್ಬರಿಗೂ ಸಂಕಟವಾಯಿತು.

ಮುಂದೆ ಹೊಳಲ್ಕೆರೆಯಲ್ಲಿ ಗಂಡನ ಚಿಕ್ಕಪ್ಪನ ಮಗಳ ಮದುವೆ. ಹೊಲಿದ ಸೀರೆ ಉಟ್ಟು ಹೋದೆ, ನೆರಿಗೆಯೆಲ್ಲ ಮುಂದೆ, ಹಿಂದೆ ಬರೀ ಸಪಾಟು ಬಟ್ಟೆ. ಮಂಟಪದ ಹತ್ತಿರ ಶೂ ಬಿಡಿ ಎಂದರು. ಬಿಚ್ಚಿಸಿ, ಮಡಿಸಿದ ಟವೆಲಿನ ಮೇಲೆ ಪಾದ ಇಡಿಸಿಕೊಂಡೆ. ಗಂಡ ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದರು. ವಿಧವೆಯರ ಜೊತೆ ಅತ್ತೆ ಹಿಂದೆ ಕಂಬದ ಹತ್ತಿರ ಕೂತಿದ್ದರು.

ಹುಡುಗನ ಕಡೆಯ ಒಬ್ಬ ಹೆಂಗಸು ಮುತ್ತೈದೆಯರಿಗೆಲ್ಲ ಕುಂಕುಮ ಇಡುತ್ತ ಬಂದಳು. ನನ್ನ ಪಕ್ಕದವಳಿಗೆ ಇಟ್ಟಳು. ನನ್ನ ಮುಂದೆ ನಿಂತವಳ ಕಣ್ಣು ಕೆಳಗಿಳಿದು ಬರೀ ಬೆರಳುಗಳನ್ನು ನೋಡಿತು. ಬಟ್ಟಲು ಆಚೆ ತಿರುಗಿತು. ನನ್ನನ್ನು ದಾಟಿ ಮುಂದಿನವಳಿಗೆ ಇಟ್ಟಳು. ಊರಿಗೆಲ್ಲ ಜೋರು ಬಾಯಿಯ ನಾನು, ಅಲ್ಲಿ ಬಗ್ಗಿ ಸೀರೆಯ ಅಂಚನ್ನು ಬೆರಳುಗಳ ಮೇಲೆ ಎಳೆದುಕೊಂಡೆ. ಎದ್ದು ಹೋಗುವ ಕಾಲೂ ಇಲ್ಲ.

"ಏ ತಾಯಿ, ನಿಂತ್ಕ." ಅತ್ತೆಯ ದನಿ. ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದರು. "ನನ್ ಸೊಸೆ ಹಣೆ ಕಾಣಲಿಲ್ವಾ ನಿಂಗೆ? ನನ್ ಮಗ ಗುಂಡ್‌ಕಲ್ಲಿನಂಗೆ ಅವ್ನೆ, ಹೋಗಿ ನೋಡು ಎಲೆ ಹಾಕ್ತಾ ಅವ್ನೆ."

"ಅಲ್ಲ ದೊಡ್ಡಮ್ಮ, ಕಾಲುಂಗುರ ಇಲ್ವಲ್ಲ ಅಂತ..." ಎಂದಳು ಅವಳು.

"ನಾನೇ ತೆಗೆಸ್ದೆ. ಕಾಲು ಕೊಳೀತಿತ್ತು, ಬ್ಯಾಡ ಅಂತ ನಾನೇ ತೆಗೆಸ್ದೆ. ಯಾರೇನ್ ಕೇಳ್ಬೇಕಾದ್ರೂ ನನ್ ಕೇಳ್ರಿ."

ಅವಳು ಬಟ್ಟಲು ಹಿಡಿದು ಸುತ್ತಲಿನವರ ಮುಖ ನೋಡುತ್ತ ನಿಂತಳು. ಅತ್ತೆ ಅದರೊಳಗೆ ಕೈ ಹಾಕಿದರು. ಯಾರೋ "ಅಯ್ಯೋ, ನೀವ್ ಮುಟ್ಬಾರ್ದು ಅಜ್ಜಿ" ಎಂದರು. ಮಾವ ಹೋದ ದಿನದಿಂದ ಕುಂಕುಮ ಮುಟ್ಟದ ಕೈ ಅದು. ಎಷ್ಟು ತೆಗೆದುಕೊಳ್ಳಬೇಕೆಂಬುದೂ ಮರೆತುಹೋಗಿತ್ತೋ ಏನೋ, ಚಿಟಿಕೆಯ ಬದಲು ಬೆರಳ ತುಂಬ ಬಂತು. ಅರ್ಧ ನನ್ನ ಮೂಗಿನ ಮೇಲೆ, ಸೀರೆಯ ಮೇಲೆ ಉದುರಿತು. ಉಳಿದದ್ದನ್ನು ನನ್ನ ಹಣೆಗೆ ಇಟ್ಟು ಗಟ್ಟಿಯಾಗಿ ಒತ್ತಿದರು. ಒರಟು ಬೆರಳು, ಬಿಸಿಯಿತ್ತು. ನನಗೆ ಅಷ್ಟೂ ತಿಳಿಯಿತು.