ಹಕ್ಕಿಗೆ ಸೊಪ್ಪು ತಿನ್ನಿಸಿದ ಅಕ್ಕ

ಹೋದ ವಾರ ಹುಣಸೂರಿನ ದಿನಸಿ ಅಂಗಡಿಯಲ್ಲಿ ನವಣೆ ಕೇಳಿದೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಅಂಗಡಿಯವರು ಒಂದು ಚೀಲದ ಬಾಯಿ ಬಿಚ್ಚಿದವರು, "ಇದಲ್ಲ ಕಣ್ರೀ, ಇದು ಹೊಟ್ಟು ತೆಗೀದಿರೋದು, ಹಕ್ಕಿಗೆ ಹಾಕೋದು" ಎಂದು ಮತ್ತೆ ಕಟ್ಟಿದರು. ಅಷ್ಟರಲ್ಲಿ ಆ ಹೊಟ್ಟಿನ ಧೂಳಿನ ವಾಸನೆ ಮೂಗಿಗೆ ಬಡಿದಿತ್ತು. ಒಣಹುಲ್ಲಿನದೂ ಅಲ್ಲ, ಹಿಟ್ಟಿನದೂ ಅಲ್ಲ... ಗಾವಡಗೆರೆಯಲ್ಲಿ ನಮ್ಮ ಎದುರು ಮನೆ ಅಕ್ಕನ ಜಗಲಿಯ ವಾಸನೆ ಅದು.

ನಾನು ಭೇರ್ಯದ ಕಡೆಯವಳು. ಮದುವೆಯಾಗಿ ಗಾವಡಗೆರೆಗೆ ಬಂದ ಹೊಸತರಲ್ಲಿ ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. "ಒಬ್ಳೇ ಕೂತ್ಕಂಡು ಏನ್ ಮಾಡ್ತೀಯ ಅಮ್ಮಿ, ಬಾ ಇಲ್ಲಿ" ಎಂದು ಬೀದಿಯಾಚೆಯಿಂದ ಕೂಗಿ ಕರೆದವಳು ಅಕ್ಕ. ಎತ್ತರದ ಹೆಂಗಸು, ದೊಡ್ಡ ಗಂಟಲು. ಅವರದು ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಕೀಳುವ ಕಾಲದಲ್ಲಿ ಅವಳ ಅಂಗೈ ಅಂಟು ಹಿಡಿದು ಕಪ್ಪಾಗಿರುತ್ತಿತ್ತು. ಮಗಳನ್ನು ಕೋಟೆ ತಾಲ್ಲೂಕಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಭಾವ, ಅಂದರೆ ಅಕ್ಕನ ಗಂಡ, ಮಾತು ಕಡಿಮೆ. ಹೊಲದಿಂದ ಬಂದರೆ ಉಂಡು, ಗೋಡೆಗೆ ಮುಖ ಮಾಡಿ ಮಲಗುವ ಮನುಷ್ಯ.

ಆ ಮನೆಗೆ ಹಕ್ಕಿಗಳು ಬಂದದ್ದು ಯಾರೂ ಬಯಸಿ ಅಲ್ಲ. ಅವರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಸ್ಕೂಲ್ ಮೇಡಂಗೆ ವರ್ಗವಾಯಿತು. ಹೋಗುವಾಗ ಅವರು ತಮ್ಮ ಫಿಂಚ್ ಹಕ್ಕಿಗಳ ಪಂಜರವನ್ನು ಅಕ್ಕನ ಜಗಲಿಯಲ್ಲಿ ತೂಗುಹಾಕಿ ಹೋದರು. ಗುಬ್ಬಿಗಿಂತ ಸಣ್ಣ ಜೀವಗಳು. ಹಣ್ಣು ಮೆಣಸಿನಕಾಯಿಯ ತುದಿಯಂಥ ಕೊಕ್ಕು. ಎರಡು ಗಂಡು, ಎರಡು ಹೆಣ್ಣು. ದಿನವಿಡೀ ಮಕ್ಕಳ ಪೀಪಿಯ ಹಾಗೆ ಪೀಂ ಪೀಂ ಅನ್ನುತ್ತಿದ್ದವು. "ಬರೀ ನವಣೆ ತಿಂದರೆ ಸಾಲದು, ಸೊಪ್ಪು ತರಕಾರಿ ರೂಢಿ ಮಾಡಿಸಿ. ನನ್ನ ಕೈಲಂತೂ ಆಗಲಿಲ್ಲ" ಎಂದಿದ್ದರು ಮೇಡಂ. ಅಕ್ಕ ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಒಂದು ಹೆಣ್ಣು ಹಕ್ಕಿ ಇಟ್ಟ ಮೊಟ್ಟೆಗಳು ಚಿಪ್ಪೇ ಗಟ್ಟಿಯಿಲ್ಲದೆ ಗೂಡಲ್ಲೇ ಒಡೆದವು. ಆ ತಾಯಿ ರೆಕ್ಕೆ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತದ್ದನ್ನು ನೋಡಿದ ಮೇಲೆ ಅಕ್ಕನಿಗೆ ಹಟ ಬಂತು.

ನೋಡಬೇಕಿತ್ತು ಆ ಹಟ! ಮೊದಲ ದಿನ ಒಂದು ಹಿಡಿ ಪಾಲಕ್ ಸೊಪ್ಪನ್ನು ಇಡಿಯಾಗಿ ಒಳಗೆ ತುರುಕಿದಳು. ಹಾವು ಬಂತೋ ಎಂಬಂತೆ ಹಕ್ಕಿಗಳು ಪಂಜರದ ಇನ್ನೊಂದು ಬದಿಗೆ ಹಾರಿ ಕಂಬಿಗೆ ಅಂಟಿಕೊಂಡವು. ಮಾರನೆ ದಿನ ಕ್ಯಾರೆಟ್ಟಿನ ಬಿಲ್ಲೆ. ಅದರ ಹತ್ತಿರವೂ ಸುಳಿಯಲಿಲ್ಲ. ಕೋಸನ್ನು ಸಣ್ಣಗೆ ಹೆಚ್ಚಿ ನವಣೆಯಲ್ಲಿ ಕಲಸಿಟ್ಟರೆ, ಕಾಳನ್ನಷ್ಟೇ ಆರಿಸಿ ತಿಂದು ಕೋಸಿನ ಚೂರನ್ನು ಜಗಲಿಯ ತುಂಬ ಎರಚಿದವು. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕೊತ್ತಂಬರಿ ಕಟ್ಟನ್ನು ಕಂಬಿಗೆ ಸಿಕ್ಕಿಸಿ, ತಾನೂ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಲೆ ಬಾಯಿಗೆ ಹಾಕಿಕೊಂಡು ಅಗಿದು ತೋರಿಸುತ್ತಿದ್ದಳು. ಬೀದಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು.

ಭಾವ ಒಂದು ದಿನ ಬಾಯಿ ಬಿಟ್ಟರು. "ಮ್ಯಾಕೆ ಸಾಕಿದ್ರೆ ಇಷ್ಟೊತ್ಗೆ ನಿನ್ ಕೈಯೂ ತಿಂದಾಕಿರೋವು ಕಣೆ."

ಅಕ್ಕ ಉರಿದುಬಿದ್ದಳು. "ಅಣಕಿಸೋದಾದ್ರೆ ಒಳಗೋಗಿ ಮನಿಕಳಿ."

ಅವರು ಒಳಗೆ ಹೋಗಲಿಲ್ಲ. ಪಂಜರದ ಹತ್ತಿರ ಬಂದು ಸ್ವಲ್ಪ ಹೊತ್ತು ನೋಡಿ, "ಹೊಲದಲ್ಲಿ ಗುಬ್ಬಚ್ಚಿ ಇಬ್ನಿ ಬಿದ್ದಿರೋ ಹುಲ್ನಾಗೆ ಹೊರಳಾಡ್ತವೆ. ನೀರ್ ಚಿಮ್ಕಿಸಿ ಇಟ್ನೋಡು" ಎಂದರು. ಅವರು ಹೇಳಿದ ಹಾಗೇ ಆಗುತ್ತದೆಂದು ಅವರಿಗೂ ನಂಬಿಕೆ ಇದ್ದ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ, ಕಾಳಿನ ಬಟ್ಟಲು ಇಡುವ ಮೊದಲೇ, ಅಗಲವಾದ ತಟ್ಟೆಯಲ್ಲಿ ಹೆಚ್ಚಿದ ಮೆಂತ್ಯದ ಸೊಪ್ಪು ಹರಡಿ ಅಕ್ಕ ನೀರು ಚಿಮುಕಿಸಿದಳು. ಹಕ್ಕಿಗಳು ತುಂಬ ಹೊತ್ತು ಮೇಲಿಂದಲೇ ಕತ್ತು ಓರೆ ಮಾಡಿ ನೋಡಿದವು. ಆಮೇಲೆ ಒಂದು ಗಂಡು ಕೆಳಗಿಳಿದು ಆ ಒದ್ದೆ ಸೊಪ್ಪಿನಲ್ಲಿ ಎದೆಯೂರಿ ರೆಕ್ಕೆ ಬಡಿಯಿತು. ಸ್ನಾನ! ಸ್ನಾನ ಮಾಡುತ್ತ ಮಾಡುತ್ತ ಒಂದು ಎಲೆಯನ್ನು ಕೊಕ್ಕಲ್ಲಿ ಎಳೆಯಿತು, ಬಿಟ್ಟಿತು, ಮತ್ತೆ ಎಳೆದು ನುಂಗಿತು. ಅಕ್ಕ ಬಾಯಿ ಮೇಲೆ ಬೆರಳಿಟ್ಟುಕೊಂಡು ನನ್ನನ್ನು ಕೈಸನ್ನೆ ಮಾಡಿ ಕರೆದಳು. ಅಷ್ಟು ದೊಡ್ಡ ಗಂಟಲಿನವಳು ಅವತ್ತು ಉಸಿರೂ ಬಿಗಿಹಿಡಿದು ನಿಂತಿದ್ದಳು. ಅವಳ ಹಿಂದೆ ಭಾವ, ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರು ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಒಂದು ತಿಂದದ್ದನ್ನು ನೋಡಿ ಉಳಿದವೂ ಇಳಿದವು. ಬರಬರುತ್ತ ಸೌತೆಕಾಯಿ, ಕ್ಯಾರೆಟ್ ತುರಿ, ಮೊಳಕೆ ಬಂದ ನವಣೆ ಎಲ್ಲಕ್ಕೂ ಬಾಯಿ ಹಾಕತೊಡಗಿದವು. ಮುಂದಿನ ಮೊಟ್ಟೆಗಳು ಒಡೆಯಲಿಲ್ಲ. ಗೂಡಿನಲ್ಲಿ ಮರಿಗಳ ಸದ್ದು ಕೇಳಿತು. ಅದಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು ಆ ಜಗಲಿ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಟೀ ಲೋಟ ಹಿಡಿದು ಪಂಜರದ ಮುಂದೆ ಕೂತಿರುತ್ತಿದ್ದರು. ಭಾವ ಹೊಲದಿಂದ ಬರುವಾಗ ಟವೆಲ್ಲಿನ ಗಂಟಿನಲ್ಲಿ ಎಳೆ ಸೊಪ್ಪು ತರುತ್ತಿದ್ದರು. "ನಂಗೆ ಒಂದ್ ಮೊಳ ಹೂವ ತಂದೋರಲ್ಲ, ಹಕ್ಕಿಗೆ ತತ್ತಾರೆ ನೋಡು" ಎಂದು ಅಕ್ಕ ದೂರುತ್ತಿದ್ದಳು. ಹಾಗೆ ದೂರುವಾಗ ಅವಳ ಮುಖ ಎಷ್ಟು ಚೆನ್ನಾಗಿರುತ್ತಿತ್ತು...

ಬೇಸಿಗೆ, ಹೊಗೆಸೊಪ್ಪಿನ ಸಸಿ ಬೆಳೆಸುವ ಕಾಲ ಬಂತು. ಒಂದು ರಾತ್ರಿ ಚೆನ್ನಾಗಿ ಮಳೆ ಹುಯ್ದಿತ್ತು. ಬೆಳಿಗ್ಗೆ ಬೇಗನೆ ಹೊಲಕ್ಕೆ ಹೋಗಿದ್ದ ಭಾವ ದಂಟಿನ ಸೊಪ್ಪಿನ ಎಳೆ ಕುಡಿಗಳನ್ನು ತಂದುಕೊಟ್ಟು ಮತ್ತೆ ಹೋದರು. ಸೊಪ್ಪು ಮಳೆಯಲ್ಲಿ ತೊಳೆದಂತೆ ಒದ್ದೆಯಾಗಿಯೇ ಇತ್ತು. ಅಕ್ಕ ಹಾಗೇ ಹೆಚ್ಚಿ ಇಟ್ಟಳು. ಹಕ್ಕಿಗಳು ಮುಗಿಬಿದ್ದವು. ಅಷ್ಟೊತ್ತಿಗೆ ಅವಕ್ಕೆ ಸೊಪ್ಪೆಂದರೆ ಅನುಮಾನವೇ ಉಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಕ್ಕ ಕೂಗಿದ ಕೂಗಿಗೆ ನಾನು ಒಲೆ ಮೇಲಿನ ಸಾರು ಬಿಟ್ಟು ಓಡಿದೆ. ಪಂಜರದ ತಳದಲ್ಲಿ ಹಕ್ಕಿಗಳು ಬಿದ್ದಿದ್ದವು. ಒಂದು ಮಾತ್ರ ಇನ್ನೂ ನಡುಗುತ್ತಿತ್ತು. ಅಕ್ಕನ ಅಂಗೈಯಲ್ಲೇ ಅದೂ ನಿಂತುಹೋಯಿತು. ಗೂಡಿನ ಮರಿಗಳೂ ಉಳಿಯಲಿಲ್ಲ. ಅಕ್ಕ ಅಳಲಿಲ್ಲ. ಹೆಚ್ಚದೆ ಉಳಿದಿದ್ದ ಸೊಪ್ಪಿನ ಕುಡಿಯನ್ನು ಎತ್ತಿ ಮೂಸಿ ನೋಡಿದಳು. ನನಗೂ ಕೊಟ್ಟಳು. ಸಸಿಗೆ ಹೊಡೆಯುವ ಹುಳದ ಔಷಧಿಯ ವಾಸನೆ. ಹೊಗೆಸೊಪ್ಪು ಬೆಳೆಯುವ ಊರಿನಲ್ಲಿ ಆ ವಾಸನೆ ಯಾರಿಗೆ ಗೊತ್ತಿಲ್ಲ?

ಅಷ್ಟೂ ಸೊಪ್ಪನ್ನು ಬಳಿದು ಒಲೆಗೆ ಹಾಕಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಬಿಸ್ಲಿಗೆ ಸತ್ತೋದೊ ಅಂತೀನಿ. ನೀನೂ ಅಂಗೇ ಅನ್ನು. ಸೊಪ್ಪಿನ ಸುದ್ದಿ ಎತ್ಬ್ಯಾಡ ಕಣಮ್ಮಿ, ಆವಯ್ಯ ತಡ್ಕಳಕಿಲ್ಲ."

ಸಂಜೆ ಭಾವ ಬಂದರು. ಖಾಲಿ ಪಂಜರ ನೋಡಿದರು. ಬಿಸಿಲು ಎಂದಳು ಅಕ್ಕ. ಅವರು ಯಾಕೆ, ಹೇಗೆ ಎಂದು ಒಂದು ಮಾತೂ ಕೇಳದೆ ಒಳಗೆ ಹೋದರು.

ಅಲ್ಲಿಂದ ಮುಂದೆ ಅವರು ಮನೆಗೆ ಸೊಪ್ಪು ತರಲಿಲ್ಲ. ಜಗಲಿಯಲ್ಲಿ ಕೂರಲಿಲ್ಲ. ಮತ್ತೆ ಅದೇ ಗೋಡೆ, ಅದೇ ಮೌನ. "ಹಕ್ಕಿ ಇರೋಗಂಟ ಮನ್ಷನಾಗಿದ್ರು" ಎಂದು ಅಕ್ಕ ಒಮ್ಮೆ ಅಂದಿದ್ದಳು. ಬೇರೆ ಹಕ್ಕಿ ತರೋಣ ಎಂದರೆ ಬೇಡ ಎಂದು ತಲೆಯಾಡಿಸಿದಳು. ಕೆಲವು ವರ್ಷಗಳ ಮೇಲೆ ನಾವು ಹುಣಸೂರಿಗೆ ಬಂದೆವು. ಹಬ್ಬಕ್ಕೆ ಹೋದಾಗಲೆಲ್ಲ ಅವಳನ್ನು ನೋಡಿ ಬರುತ್ತಿದ್ದೆ. ಹೋದ ಚಳಿಗಾಲದಲ್ಲಿ ಎದೆನೋವು ಬಂದು, ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಳು. ತಿಥಿಯ ದಿನ ಜನರ ನಡುವೆ ಭಾವನ ಹತ್ತಿರ ಮಾತಾಡಲು ಆಗಿರಲಿಲ್ಲ.

ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಮೊನ್ನೆ ಭಾನುವಾರ ಬಸ್ಸು ಹತ್ತಿ ಗಾವಡಗೆರೆಗೆ ಹೋದೆ. ಭಾವ ಜಗಲಿಯಲ್ಲೇ ಕೂತಿದ್ದರು. ಕಾಫಿ ತಾವೇ ಮಾಡಿ ತಂದುಕೊಟ್ಟರು. ಅಕ್ಕನ ಮಾತು, ಹಕ್ಕಿಯ ಮಾತು ಬಂತು. ಆಗ ತಾವಾಗಿಯೇ ಹೇಳಿದರು:

"ಆವತ್ತಿನ ದಂಟು ಹೊಗೆಸೊಪ್ಪಿನ ಸಸಿ ಮಡಿ ಪಕ್ಕ ಬೆಳ್ದಿದ್ದು ಕಣವ್ವ. ಹಿಂದಿನ ದಿನ ನಾನೇ ಔಷ್ದಿ ಹೊಡ್ದಿದ್ದೆ. ಮಳೆ ಹುಯ್ತಲ್ಲ, ತೊಳ್ಕಂಡೋಗಿರ್ತದೆ ಅನ್ಕಂಡೆ... ಅವ್ಳಿಗೆ ಹೇಳನ ಹೇಳನ ಅಂತ್ಲೇ ಇದ್ದೆ. ಮಕ ನೋಡಕೇ ಆಯ್ತಿರ್ಲಿಲ್ಲ."

ಇನ್ನು ಅಕ್ಕನ ಗುಟ್ಟನ್ನು ಕಾಯುವುದು ಯಾರಿಗಾಗಿ? "ಅಕ್ಕನಿಗೆ ಗೊತ್ತಿತ್ತು ಭಾವ" ಎಂದೆ. ಅವಳು ಸೊಪ್ಪು ಮೂಸಿದ್ದು, ಒಲೆಗೆ ಹಾಕಿದ್ದು, ನನ್ನ ಕೈ ಹಿಡಿದು ಹೇಳಿದ್ದು, ಎಲ್ಲವನ್ನೂ ಹೇಳಿದೆ.

ಅವರು ಬೀದಿಯ ಕಡೆ ಮುಖ ತಿರುಗಿಸಿದರು. "ಅವ್ಳು ಒಂದ್ ಮಾತು ಬೈದಿದ್ರೆ ಮನ್ಸು ಹಗುರಾಗೋದಲ್ಲ..." ಎಂದರು. ಆಮೇಲೆ ನನ್ನ ಕಡೆ ತಿರುಗಿ, ಏನೋ ಬೇಡುವವರ ಹಾಗೆ ಕೇಳಿದರು: "ಇನ್ನೇನಾರ ಅಂದ್ಲಾ? ನೆಪ್ಪು ಮಾಡ್ಕಂಡು ಹೇಳವ್ವ."

ನಾನು ನೆನಪಿನ ಮೂಲೆ ಮೂಲೆ ಹುಡುಕಿದೆ. ಆ ಮನುಷ್ಯನಿಗೆ ಕೊಡಲು ಅವಳ ಇನ್ನೊಂದೇ ಒಂದು ಮಾತು ಸಿಕ್ಕಿದ್ದರೂ ಸಾಕಿತ್ತು.

"ಇಲ್ಲ ಭಾವ, ಅಷ್ಟೇ" ಎಂದೆ.