ಕೋಡಿನ ಬಣ್ಣ ಕುಡಿದ ಗೋಡೆ

ನಾನು ಚಿಕ್ಕವಳಿದ್ದಾಗ, ಮುಂದಿನ ಎರಡು ಹಲ್ಲು ಬಿದ್ದು ಎಲ್ಲರೂ ನನ್ನನ್ನು ಬೊಚ್ಚುಬಾಯಿ ಎಂದು ಕಾಡಿಸುತ್ತಿದ್ದ ವರ್ಷ, ನಮ್ಮ ಅಪ್ಪನಿಗೆ ಮನೆಗಳಿಗೆ ಬಣ್ಣ ಹಚ್ಚುವ ಹುಚ್ಚು ಹಿಡಿಯಿತು. ಹುಚ್ಚು ಎಂದು ನಾನು ಹೇಳುತ್ತಿಲ್ಲ ಮಕ್ಕಳೇ, ಊರಿನವರು ಹೇಳಿದ್ದು. ಅಪ್ಪ ಅಲ್ಲಿಯವರೆಗೆ ಬಣ್ಣ ಹಚ್ಚಿದ್ದೆಲ್ಲ ಎತ್ತಿನ ಕೋಡಿಗೆ. ಕಾರಹುಣ್ಣಿಮೆ ಬಂತೆಂದರೆ ನಮ್ಮ ಅಂಗಳದಲ್ಲಿ ಎತ್ತುಗಳ ಸಾಲು ನಿಲ್ಲುತ್ತಿತ್ತು. ಸುತ್ತಲಿನ ಊರುಗಳಿಂದಲೂ ಹೊಡೆದುಕೊಂಡು ಬರುತ್ತಿದ್ದರು. ಅಪ್ಪ ಒಂದು ಕೋಡಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಹಚ್ಚಿ, ತುದಿಗೆ ಹಳದಿ ಪಟ್ಟಿ ಎಳೆದನೆಂದರೆ ಆ ಎತ್ತು ಮದುಮಗನ ಗತ್ತಿನಲ್ಲಿ ಹೊರಡುತ್ತಿತ್ತು. ಬಣ್ಣದ ವಾಸನೆ, ಸಗಣಿಯ ವಾಸನೆ, ಹೋಳಿಗೆಯ ವಾಸನೆ ಮೂರೂ ಸೇರಿದರೆ ನನಗೆ ಈಗಲೂ ಕಾರಹುಣ್ಣಿಮೆ.

ಆದರೆ ಆ ಹಬ್ಬ ಬರುವುದು ವರ್ಷಕ್ಕೊಮ್ಮೆ. ಉಳಿದ ದಿನ ಅಪ್ಪ ನಮ್ಮೂರಿನ ಒಬ್ಬ ದೊಡ್ಡ ರೈತರ ಹೊಲದಲ್ಲಿ ಸಂಬಳದಾಳು. ನಮ್ಮ ಕಡೆ ಸಂಬಳದಾಳಿನ ವರ್ಷ ಯುಗಾದಿಯಿಂದ ಯುಗಾದಿಗೆ. ಹಬ್ಬದ ದಿನ ಧಣಿಯ ಮನೆಯ ಕಟ್ಟೆಯ ಮುಂದೆ ನಿಂತು ಈ ವರ್ಷವೂ ಇರುತ್ತೇನೆ ಎಂದರೆ ಮುಗಿಯಿತು, ಇನ್ನೊಂದು ವರ್ಷಕ್ಕೆ ಕಟ್ಟುಬಿದ್ದ ಹಾಗೆ. ಆ ಯುಗಾದಿಗೆ ಅಪ್ಪ ಇರುವುದಿಲ್ಲ ಎಂದುಬಿಟ್ಟ. ಇನ್ನು ಮೇಲೆ ಮನೆಗಳಿಗೆ ಬಣ್ಣ ಹಚ್ಚಿ ಬದುಕುತ್ತೇನೆ ಎಂದ. ಧಣಿ ಸಿಟ್ಟಾಗಲಿಲ್ಲವಂತೆ, ನಕ್ಕರಂತೆ. “ಹೋಗಿ ಬಾ. ದಸರಿ ಅನ್ನೂದ್ರಾಗ ಮತ್ತ ಇದ ಕಟ್ಟಿಗೆ ಬರತಿ” ಎಂದರಂತೆ. ಬೈದಿದ್ದರೆ ಅಪ್ಪ ಮರೆಯುತ್ತಿದ್ದ. ನಕ್ಕದ್ದು ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು.

ಮೊದಲ ಮನೆ ಸಿಕ್ಕಿದ್ದು ಪಕ್ಕದ ಊರು ಕುಬಿಹಾಳದಲ್ಲಿ. ಅಲ್ಲಿಯ ಒಬ್ಬ ರೈತರ ಮಗಳ ಕುಬಸವಿತ್ತು. ಕುಬಸ ನಿಮಗೆ ಗೊತ್ತಲ್ಲ, ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವುದು. ಅದು ಗಂಡನ ಮನೆಯಲ್ಲಿ ಮುಗಿದ ಮೇಲೆ ಮಗಳನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಬರುವವರಿದ್ದರು. ಅಷ್ಟರೊಳಗೆ ಪಡಸಾಲೆಯ ಗೋಡೆಗಳು ಹಸಿರಾಗಬೇಕು ಎಂದು ಆ ರೈತರಿಗೆ ಆಸೆ. ಅಪ್ಪ ಬಣ್ಣ ಹಚ್ಚಿದ್ದ ತಮ್ಮ ಎತ್ತುಗಳ ಕೋಡು ನೋಡಿದ್ದ ಅವರು, ಕೋಡಿಗೆ ಅಷ್ಟು ಚೆಂದ ಹಚ್ಚುವವನಿಗೆ ಗೋಡೆ ಯಾವ ಲೆಕ್ಕ ಎಂದು ಅಪ್ಪನನ್ನೇ ಕರೆದರು. ಅಪ್ಪನಿಗೂ ಹಾಗೇ ಅನಿಸಿತು.

ಇಲ್ಲೊಂದು ಮಾತು ಹೇಳಬೇಕು. ಆಗ ನಮ್ಮ ಕಡೆಯ ಮಣ್ಣಿನ ಮನೆಗಳಲ್ಲಿ ಗೋಡೆಯ ಕೆಲಸವೆಲ್ಲ ಹೆಂಗಸರದು. ಮಣ್ಣು ಮೆತ್ತುವುದು, ಸಗಣಿ ಸಾರಿಸುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಎಲ್ಲವೂ ಅವ್ವ ಮತ್ತು ಅಕ್ಕ ಮಾಡುತ್ತಿದ್ದರು. ಆಗ ಗಂಡಸರು ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಪ್ಪ ತನ್ನ ಮನೆಯ ಗೋಡೆಯನ್ನು ಅಂಗಿ ತೂಗುಹಾಕಲು ಬಿಟ್ಟರೆ ಮತ್ಯಾವುದಕ್ಕೂ ಮುಟ್ಟಿದವನಲ್ಲ. ನಿನಗೆ ಗೋಡೆಯ ಗುಣ ಗೊತ್ತೇ ಎಂದು ಅವ್ವ ಒಮ್ಮೆ ಕೇಳಿದಳು. ಸುಣ್ಣ ಬಳಿಯುವುದು ಬೇರೆ, ಬಣ್ಣ ಹಚ್ಚುವುದು ಬೇರೆ ಎಂದು ಅಪ್ಪ ಮೀಸೆ ತಿರುವಿದ.

ಕೆಲಸದ ಮೊದಲ ದಿನ ಬೆಳಗಿನ ಜಾವವೇ ಅಪ್ಪ ಹೋದ. ಹೊತ್ತೇರಿದ ಮೇಲೆ ಬುತ್ತಿ ತೆಗೆದುಕೊಂಡು ಅಕ್ಕ ಮತ್ತು ನಾನು ಹೊರಟೆವು. ಅಕ್ಕ ನನಗಿಂತ ಬಹಳ ದೊಡ್ಡವಳು, ಆಗಲೇ ಸೀರೆ ಉಡುತ್ತಿದ್ದಳು. ಶಾಲೆ ಬಿಟ್ಟಿದ್ದಳು. ಮಾತು ಕಡಿಮೆ, ಅದರಲ್ಲೂ ಅಪ್ಪನ ಮುಂದೆ ಅಗದಿ ಕಡಿಮೆ. ಬೇಸಿಗೆಯಾದ್ದರಿಂದ ಎರೆಹೊಲಗಳು ಬಿರುಕು ಬಿಟ್ಟಿದ್ದವು. ನಾನು ಬಿರುಕಿನೊಳಗೆ ಕಾಲು ತೂರಿಸುತ್ತ, ಚಪ್ಪಲಿ ಸಿಕ್ಕಿಸಿಕೊಳ್ಳುತ್ತ, ಅಕ್ಕನಿಂದ ಬೈಸಿಕೊಳ್ಳುತ್ತ ನಡೆದೆ. ಬುತ್ತಿಯ ಬಟ್ಟೆಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಅಪ್ಪ ಗೋಡೆಯ ಮೇಲೂ ಹಳದಿ ಪಟ್ಟಿ ಎಳೆಯುತ್ತಾನೆಯೇ ಎಂದು ನಾನು ಕೇಳಿದೆ. ಅಕ್ಕ ನಕ್ಕಳು.

ಆ ಮನೆಯ ಪಡಸಾಲೆಗೆ ಕಾಲಿಟ್ಟವಳೇ ಅಕ್ಕ ನಗುವುದನ್ನು ನಿಲ್ಲಿಸಿದಳು. ನಾಲ್ಕು ಗೋಡೆಗಳಲ್ಲಿ ಒಂದರ ಅರ್ಧ ಹಸಿರಾಗಿತ್ತು. ಹಸಿರು ಎಂದರೂ ಎಂಥ ಹಸಿರು. ಒಂದು ಕಡೆ ಮಿರಿಮಿರಿ ಮಿಂಚುತ್ತಿತ್ತು, ಇನ್ನೊಂದು ಕಡೆ ಎಣ್ಣೆ ಚೆಲ್ಲಿದ ಕಲೆಯಂತೆ ಕಪ್ಪಾಗಿತ್ತು, ಮತ್ತೊಂದು ಕಡೆ ಹಚ್ಚಿದ್ದೇ ಕಾಣುತ್ತಿರಲಿಲ್ಲ. ಅಪ್ಪ ಕೋಡಿಗೆ ಹಚ್ಚುವ ಎಣ್ಣೆಬಣ್ಣವನ್ನೇ ತಂದಿದ್ದ. ಕೋಡು ಗಟ್ಟಿ, ನುಣುಪು. ಬಣ್ಣವನ್ನು ಮೈಮೇಲೆ ಇಟ್ಟುಕೊಂಡು ನಿಲ್ಲುತ್ತದೆ. ಆ ಮಣ್ಣಿನ ಗೋಡೆ ಮಾತ್ರ ಹಚ್ಚಿದ್ದಷ್ಟನ್ನೂ ಕುಡಿದುಬಿಟ್ಟಿತ್ತು. ಡಬ್ಬಿಗಳು ಬರಿದಾಗುತ್ತ ಬಂದಾಗ ಅಪ್ಪ ಸೀಮೆಎಣ್ಣೆ ಬೆರೆಸಿ ತೆಳ್ಳಗೆ ಮಾಡಿದ್ದನಂತೆ. ಅದು ಗೋಡೆಗುಂಟ ನೀರಾಗಿ ಇಳಿದು ನೆಲದ ಸಾರಣೆಯನ್ನೂ ಕೆಡಿಸಿತ್ತು. ಪಡಸಾಲೆಯ ತುಂಬ ಸೀಮೆಎಣ್ಣೆಯ ಘಾಟು ತುಂಬಿ ನನಗೆ ಕಣ್ಣಲ್ಲಿ ನೀರು ಬಂತು.

ಅಪ್ಪ ನಮ್ಮತ್ತ ನೋಡಲಿಲ್ಲ. ಬರಿದಾದ ಡಬ್ಬಿಯ ತಳವನ್ನು ಕುಂಚದಿಂದ ಕೆರೆಯುತ್ತಲೇ ಇದ್ದ. ಕೈ ನಡುಗುತ್ತಿತ್ತು. ಕಾರಹುಣ್ಣಿಮೆಯಂದು ಎತ್ತು ತಲೆ ಒದರಿದರೂ ಅಪ್ಪನ ಕೈ ಅಲುಗಿದ್ದನ್ನು ನಾನು ಕಂಡವಳಲ್ಲ. ಈ ಮನೆ ಕೆಟ್ಟರೆ ಇನ್ನೊಂದು ಮನೆಯವರು ಕರೆಯುವುದಿಲ್ಲ, ಮತ್ತೆ ಧಣಿಯ ಕಟ್ಟೆಯ ಮುಂದೆ ಹೋಗಿ ತಲೆ ತಗ್ಗಿಸಬೇಕು ಎಂಬುದು ಬೊಚ್ಚುಬಾಯಿಯ ನನಗೂ ಗೊತ್ತಿತ್ತು. ನನಗೆ ಅಳು ಬಂತು. ಅಕ್ಕ ನನ್ನ ಕೈ ಹಿಸುಕಿ ಸುಮ್ಮನಿರಿಸಿದಳು.

ಮನೆಯ ಯಜಮಾನರು ಮೆಣಸಿನಕಾಯಿ ಮಾರಲು ಸಂಶಿಯ ಪೇಟೆಗೆ ಹೋಗಿದ್ದರು, ಸಂಜೆಯ ಬಸ್ಸಿಗೆ ಬರುವವರಿದ್ದರು. ಮನೆಯಲ್ಲಿ ಇದ್ದವರು ಅವರ ತಾಯಿ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಬೆನ್ನು ಬಾಗಿದ್ದರೂ ದನಿ ಬಾಗಿರಲಿಲ್ಲ. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗಿನಿಂದ ಬಂದು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಏನಪಾ ಇದು? ಬಸುರಿ ಹುಡುಗಿ ಬರಾಕಿ ಅದಾಳ. ಈ ವಾಸನಿಯೊಳಗ ಆಕಿನ್ನ ಹೆಂಗ ಮಲಗಸಲಿ?” ಎಂದು ಕೇಳಿದರು.

ಅಪ್ಪ ಬಾಯಿ ತೆರೆದ. ಇನ್ನೊಂದು ಕೈ ಬಣ್ಣ ಹಚ್ಚಿದರೆ ಎಲ್ಲ ಸರಿಹೋಗುತ್ತದೆ, ಇನ್ನಷ್ಟು ಡಬ್ಬಿ ತರಿಸಿರಿ ಎನ್ನುತ್ತಾನೆಂದು ನಾನು ತಿಳಿದೆ. ಹಾಗೆ ಹೇಳಿ ಸಂಜೆಯವರೆಗೆ ತಳ್ಳಬಹುದಿತ್ತು. ಅಪ್ಪ ಕುಂಚವನ್ನು ಕೆಳಗಿಟ್ಟು, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ.

“ಆಯಿ, ನನಗ ಗೋಡಿ ಕೆಲಸ ಬರೂದಿಲ್ರಿ” ಎಂದ. “ಕೋಡಿನಂಗ ಅಂತ ತಿಳಿದಿದ್ದೆ.”

ಈಗ ಬೈಗಳ ಸುರಿಮಳೆ ಎಂದು ನಾನು ಅಕ್ಕನ ಸೀರೆಯ ಹಿಂದೆ ಸರಿದೆ. ಆಯಿ ಬೈಯಲಿಲ್ಲ. ನಿಮ್ಮ ಮನೆಯಲ್ಲಿ ಗೋಡೆ ಯಾರು ನೋಡುತ್ತಾರೆ ಎಂದು ಕೇಳಿದರು. ಹೆಣ್ಣುಮಕ್ಕಳು ಎಂದ ಅಪ್ಪ. “ಮತ್ತ ಹೆಣ್ಣಮಗಳು ಇಲ್ಲೇ ಬಾಜೂಕ ನಿಂತಾಳಲ್ಲ, ಆಕಿನ್ನ ಕೇಳು” ಎಂದರು ಆಯಿ.

ಅಪ್ಪ ತಿರುಗಿ ಅಕ್ಕನನ್ನು ನೋಡಿದ. ಅದುವರೆಗೆ ಅಪ್ಪ ಅಕ್ಕನತ್ತ ನೋಡುತ್ತಿದ್ದದ್ದು ನೀರು ಬೇಕಾದಾಗ, ರೊಟ್ಟಿ ಬೇಕಾದಾಗ, ಇಲ್ಲವೇ ಆಕೆಗೆ ಗಂಡು ನೋಡಬೇಕೆಂಬ ಮಾತು ಬಂದಾಗ. ಈ ನೋಟ ಬೇರೆಯಾಗಿತ್ತು.

“ಹೇಳವಾ, ಏನ್ ಮಾಡೂಣು?”

ಅಕ್ಕನ ಕಿವಿ ಕೆಂಪಾದವು. ಆಮೇಲೆ ಗೋಡೆಯ ಹತ್ತಿರ ಹೋಗಿ, ಬಣ್ಣ ಬೀಳದ ಕಡೆ ಅಂಗೈ ಊರಿ ನೋಡಿದಳು.

“ಅಪ್ಪಾ, ಇದಕ್ಕ ನೀರಡಿಕಿ ಆಗೇತಿ. ಏನ್ ಹಚ್ಚಿದ್ರೂ ಕುಡೀತೈತಿ. ಹಚ್ಚಿದ್ದನ್ನ ಹೆರದು ತಗೀಬೇಕು, ಮಣ್ಣ ಮೆತ್ತಬೇಕು. ಒಣಗಿದ ಮ್ಯಾಲೆ ಮೊದಲ ನೀರ ಕುಡಿಸಿ ಆಮ್ಯಾಲೆ ಸುಣ್ಣ.”

ಅಷ್ಟು ಉದ್ದದ ಮಾತನ್ನು ಅಕ್ಕ ಅಪ್ಪನ ಮುಂದೆ ಆಡಿದ್ದು ಅದೇ ಮೊದಲು. ಆಡಿ ಮುಗಿಸಿ ತಾನೇ ಗಾಬರಿಯಾದಳು. ಅಪ್ಪ ಹೂಂ ಎಂದು ಅಂಗಿಯ ತೋಳು ಮಡಚಿದ. ಬುತ್ತಿ ಬಿಚ್ಚಿ ನಾಲ್ಕು ತುತ್ತು ತಿಂದದ್ದೇ ತಡ, ಕೆಲಸ ಶುರುವಾಯಿತು.

ಕಳೆ ತೆಗೆಯುವ ಕುರ್ಪಿಯಿಂದ ಅಪ್ಪ ಹಸಿರು ಬಳಿದ ಜಾಗವನ್ನೆಲ್ಲ ಹೆರೆದ. ಬಣ್ಣ ಮಣ್ಣಿನ ಸಮೇತ ಚಕ್ಕೆ ಚಕ್ಕೆಯಾಗಿ ಬಿತ್ತು. ಆಯಿ ಹಿತ್ತಲಿನ ಬಿದ್ದ ಗೋಡೆಯ ಹಳೆಯ ಮಣ್ಣು ತೋರಿಸಿದರು. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಇದೇ ಒಳ್ಳೆಯದು ಎಂದು ಅಕ್ಕ ಹೊಟ್ಟು, ಸಗಣಿ ಸೇರಿಸಿ ತುಳಿಯತೊಡಗಿದಳು. ನಾನೂ ತುಳಿದೆ. ಬಿಸಿಲಿನಲ್ಲಿ ಕಾದ ಅಂಗಳದಲ್ಲಿ ಆ ಕೆಸರು ಎಷ್ಟು ತಂಪಾಗಿತ್ತೆಂದರೆ ನನಗೆ ಅಪ್ಪನ ಕಷ್ಟ ಮರೆತೇ ಹೋಯಿತು, ಕುಣಿದುಬಿಟ್ಟೆ. ಅಕ್ಕ ಮೆತ್ತುತ್ತ ಹೋದಳು, ಅಪ್ಪ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದುಕೊಟ್ಟ. ಸ್ವಲ್ಪ ಹೊತ್ತಿಗೆ ತಾನೂ ಮೆತ್ತಲು ನೋಡಿದ. ಬೆರಳಿನಿಂದಲ್ಲ, ಅಂಗೈಯಿಂದ ಎಂದು ಅಕ್ಕ ತಿದ್ದಿದಳು. ಕೋಡಿನ ತುದಿಗೆ ಕೂದಲೆಳೆಯಷ್ಟು ಪಟ್ಟಿ ಎಳೆಯುವ ಅಪ್ಪ, ಹೊಸದಾಗಿ ಶಾಲೆಗೆ ಸೇರಿದವರ ಹಾಗೆ ಮಗಳ ಕೈ ನೋಡಿ ನೋಡಿ ಕಲಿತ. ನನಗೆ ನಗು ಬಂತು. ಅಪ್ಪನಿಗೂ ಬಂತು.

ಸಂಜೆ ಯಜಮಾನರು ಬಂದಾಗ ಹಸಿರು ಗೋಡೆಯ ಬದಲು ಹಸಿಮಣ್ಣಿನ ಗೋಡೆ ನಿಂತಿತ್ತು. ಅವರ ಹುಬ್ಬು ಗಂಟಾಯಿತು. ಅಪ್ಪ ಹೇಳಲು ಮುಂದಾದ, ಆದರೆ ಆಯಿ ಮೊದಲೇ ಮಾತು ತೆಗೆದರು. “ಕೆಲಸ ಈಗ ಶುರುವಾಗೇತಿ. ಮುಂಜಾನಿಂದು ಲೆಕ್ಕಕ್ಕಿಲ್ಲ” ಎಂದರು. ತಾಯಿಯ ಮಾತಿಗೆ ಯಜಮಾನರು ಎದುರಾಡುವವರಲ್ಲ.

ಬೇಸಿಗೆಯ ಬಿಸಿಲಿಗೆ ಮಣ್ಣು ಬೇಗ ಒಣಗಿತು. ಅಕ್ಕ ಗೋಡೆಗಳಿಗೆಲ್ಲ ನೀರು ಚಿಮುಕಿಸಿ, ಜಾಲಿಯ ಅಂಟು ಬೆರೆಸಿದ ಸುಣ್ಣದ ಮೊದಲ ಕೈ ಹೊಡೆಸಿದಳು. ಆಮೇಲೆ ಅದೇ ಸುಣ್ಣಕ್ಕೆ ಹಸಿರು ಪುಡಿ ಕದಡಿ ಮೇಲಿನ ಕೈ. ಹಸಿಯಿದ್ದಾಗ ಅದು ಕಡುಹಸಿರಾಗಿ ಕಂಡು ಅಪ್ಪ ಮತ್ತೆ ಹೆದರಿದ. ಒಣಗುವವರೆಗೆ ತಾಳಪ್ಪ ಎಂದಳು ಅಕ್ಕ. ಮರುದಿನ ನೋಡಿದರೆ ಪಡಸಾಲೆಯೆಲ್ಲ ಎಳೆಯ ಹೆಸರುಕಾಯಿಯ ಬಣ್ಣ. ಬಾಗಿಲ ಸುತ್ತ ಅಪ್ಪ ತನ್ನ ಸಣ್ಣ ಕುಂಚದಿಂದ ಒಂದು ಕೆಂಪು ಬಳ್ಳಿ ಬರೆದ. ಅದನ್ನು ಬರೆಯುವಾಗ ಅಪ್ಪನ ಕೈ ನಡುಗಲಿಲ್ಲ.

ಆ ಮನೆಯ ಮಗಳು ಬಂಡಿಯಿಂದ ಇಳಿದು ಬಂದಾಗ ನಾವಿನ್ನೂ ಅಲ್ಲೇ ಇದ್ದೆವು. ದಾರಿಯ ಬಿಸಿಲಿಗೆ ದಣಿದಿದ್ದ ಆಕೆ ನೇರವಾಗಿ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು. “ತಂಪ ಐತಿ ಆಯಿ” ಎಂದು ಕಣ್ಣು ಮುಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅದನ್ನು ನೋಡಿದ. ಊರಿಗೆ ಮರಳುವ ದಾರಿಯುದ್ದಕ್ಕೂ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. ಅಷ್ಟು ಸಂತೋಷವಾದಾಗ ಅಪ್ಪ ಹಾಗೆಯೇ ಮಾಡುತ್ತಿದ್ದ.

ಆ ಮೇಲೆ ಆಯಿಯೇ ನಾಲ್ಕು ಮನೆಗೆ ಹೇಳಿದರು. ಕರೆಯಲು ಬಂದವರು ಮಗಳೂ ಬರುತ್ತಾಳಲ್ಲವೇ ಎಂದು ಕೇಳಿಯೇ ಹೋಗುತ್ತಿದ್ದರು. ಹೊರಗಿನ ಗಂಡಸನ್ನು ಅಡುಗೆಮನೆಗೆ ಬಿಡದವರೂ ಅಕ್ಕ ಇದ್ದಾಳೆಂದು ಬಾಗಿಲು ತೆರೆದರು. ಅವ್ವ ಮನೆಯಲ್ಲಿ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ ಕಳಿಸುತ್ತಿದ್ದಳು. ದಸರೆ ಬಂತು. ಅಪ್ಪ ಧಣಿಯ ಕಟ್ಟೆಗೆ ಹೋಗಲಿಲ್ಲ, ಹೋಗಲು ಪುರುಸೊತ್ತೂ ಇರಲಿಲ್ಲ.

ನಿಮ್ಮದು ಸಿಮೆಂಟಿನ ಮನೆ. ಮೊನ್ನೆ ಬಣ್ಣ ಹಚ್ಚಿಸುವಾಗ ಫೋನಿನಲ್ಲೇ ಗೋಡೆಯನ್ನು ಒಮ್ಮೆ ನೀಲಿ, ಒಮ್ಮೆ ಗುಲಾಬಿ ಮಾಡಿ ತೋರಿಸಿದಿರಿ. ಬೆರಳು ಒತ್ತಿದರೆ ಸಾಕು, ಗೋಡೆ ಹೇಳಿದ ಮಾತು ಕೇಳುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿದಿದ್ದ ಆ ಪೇಂಟರ್ ಹುಡುಗನೂ ಮೂಲೆಯ ಕೆಲಸ ತಿಳಿಯದೆ ನಿಂತಾಗ ಫೋನನ್ನೇ ತೆಗೆದು ನೋಡಿಕೊಂಡ. ಈಗ ಯಾರೂ ಯಾರೆದುರೂ ನನಗೆ ಬರುವುದಿಲ್ಲ ಎಂದು ಹೇಳಬೇಕಾಗಿಲ್ಲ. ನಿಮ್ಮ ಕಾಲದ ಈ ಸುಖ ಕಂಡು ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಅಂಥದ್ದೊಂದು ಫೋನು ಅಪ್ಪನ ಕೈಯಲ್ಲಿ ಇದ್ದಿದ್ದರೆ ಆ ಬಣ್ಣ ದಂಡವಾಗುತ್ತಿರಲಿಲ್ಲ, ಅಪ್ಪನ ಕೈಯೂ ನಡುಗುತ್ತಿರಲಿಲ್ಲ. ಅಪ್ಪ ಅಕ್ಕನತ್ತ ತಿರುಗಿ ನೋಡುತ್ತಲೂ ಇರಲಿಲ್ಲ. ಬುತ್ತಿ ಕೊಟ್ಟು, ಬರಿದಾದ ಬಟ್ಟೆ ಮಡಚಿಕೊಂಡು, ತನಗೇನು ಬರುತ್ತದೆಂದು ಯಾರಿಗೂ ಹೇಳದೆ ಅಕ್ಕ ನನ್ನ ಕೈ ಹಿಡಿದು ಮನೆಗೆ ನಡೆದುಬಿಡುತ್ತಿದ್ದಳು.